ತೊಳೆದು ಬಂದ ಡಬ್ಬಿ

ಆಲಮೇಲ
ಶಿವರಾತ್ರಿ ಮುಗಿದ ಮೇಲಿನ ಬುಧವಾರ

ಸಿಂದಗಿಯಲ್ಲಿರುವ ನಮ್ಮ ಮನೆಯವರಿಗೆ,

ಸುವರ್ಣಾ ಮಾಡುವ ನಮಸ್ಕಾರ. ಫೋನ್ ಇದ್ದೂ ಇವಳು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡಿ. ಫೋನ್ ಮಾಡಿದರೆ ನೀವು "ಏನೂ ಕೇಳಸವಲ್ದು, ಆಮ್ಯಾಲ ಮಾಡ್ತೇನಿ" ಎಂದು ಇಟ್ಟುಬಿಡುತ್ತೀರಿ. ಮೋಟರ್ ರಿಪೇರಿ ಅಂಗಡಿಯಲ್ಲಿ ಸದ್ದು ಜಾಸ್ತಿ ಎಂದು ನಾನೂ ನಂಬಿದ್ದೆ. ಕಾಗದಕ್ಕೆ ಆ ತೊಂದರೆ ಇಲ್ಲ.

ಇದರ ಜೊತೆ ಚೀಲದಲ್ಲಿ ಬೆಳವಲ ಹಣ್ಣಿನ ಚಟ್ನಿ ಇದೆ. ಎಂದಿನಂತೆ ಡ್ರೈವರ್ ಅಪ್ಪಾಸಾಬಣ್ಣನ ಬಸ್ಸಿಗೆ ಕೊಡುತ್ತಿದ್ದೇನೆ. ಈ ಸಲ ಗಿಡದಲ್ಲಿ ಹಣ್ಣು ಕಡಿಮೆ, ಮಂಗಗಳ ಕಾಟ ಹೆಚ್ಚು. ಉದುರಿದ್ದನ್ನು ಆರಿಸಿ ಜೋಳದ ಚೀಲದೊಳಗಿಟ್ಟು ಮಾಗಿಸಿದೆ. ಅತ್ತೆ ಒಂದೊಂದನ್ನೂ ನೆಲಕ್ಕೆ ಬಿಟ್ಟು ನೋಡಿದರು. ಪುಟಿದರೆ ಕಾಯಿ, ಬಿದ್ದಲ್ಲೇ ಕೂತರೆ ಹಣ್ಣು. ಹಾಗೆ ಕೂತ ಒಂದನ್ನು ಎತ್ತಿಕೊಂಡು "ಇದು ನಿನ್ನಂಗ ಐತಿ ನೋಡ, ಕೆಡವಿದ್ರೂ ಸುಮ್ಮ ಕುಂದರತೈತಿ" ಎಂದು ನಕ್ಕರು. ನಾನೂ ನಕ್ಕೆ.

ತಿರುಳು ತೆಗೆದು, ಬೆಲ್ಲ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಒರಳಲ್ಲೇ ಅರೆದೆ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರಾಗುತ್ತದೆ, ನೀವು ಮುಖ ಕಿವುಚುತ್ತೀರಿ.

ಇನ್ನು ಹೋದ ತಿಂಗಳು ಪೇರಲ ಹಣ್ಣಿನ ಚಟ್ನಿ ಕಳಿಸಿದ ಡಬ್ಬಿಯ ವಿಷಯ. ಇಷ್ಟು ವರ್ಷ ನಿಮ್ಮಿಂದ ಡಬ್ಬಿ ವಾಪಸು ಬಂದದ್ದೆಲ್ಲ ಒಂದೇ ರೀತಿ. ತಳದಲ್ಲಿ ಚಟ್ನಿ ಒಣಗಿ ಕಚ್ಚಿಕೊಂಡಿರುತ್ತಿತ್ತು, ಮುಚ್ಚಳ ಒಮ್ಮೆ ಇದ್ದರೆ ಒಮ್ಮೆ ಇಲ್ಲ. ಬೂದಿ ಹಾಕಿ ತಿಕ್ಕುತ್ತ ನಿಮ್ಮನ್ನು ಬಾಯಿತುಂಬ ಬೈಯುತ್ತಿದ್ದೆ. ಗಂಡಸು ರೂಮಿನಲ್ಲಿ ಒಬ್ಬನೇ ಇದ್ದರೆ ಹೀಗೇ ಎಂದು ಆ ಬೈಗುಳದಲ್ಲೇ ನನಗೊಂದು ಸಮಾಧಾನವೂ ಇತ್ತು. ಈ ಸಲ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಒಳಗೆ ಬೆಲ್ಲದ ಒಂದು ಉಂಡೆ.

ಅತ್ತೆಗೆ ಎಲ್ಲಿಲ್ಲದ ಖುಷಿ. "ಖಾಲಿ ಡಬ್ಬಿ ಹೊಳ್ಳಿ ಕಳಸಬಾರದಂತ ನನ್ನ ಮಗಗ ಈಗರ ಬುದ್ಧಿ ಬಂತಲ್ಲವಾ!" ಎಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಾನು ಮಾತ್ರ ಡಬ್ಬಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟೆ. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸದಿರುವುದು ಹೆಂಗಸರು ನಡೆಸಿಕೊಂಡು ಬಂದ ಪದ್ಧತಿ. ಅದೂ ಮನೆ ಕಟ್ಟಿಕೊಂಡು ಕೂತ ಹೆಂಗಸರು. ನಿಮಗೆ ಅದು ಈ ಜನ್ಮದಲ್ಲಿ ಹೊಳೆಯುವುದಿಲ್ಲ, ನಿಮ್ಮನ್ನು ನಾನು ಬಲ್ಲೆ.

ಡಬ್ಬಿ ಬಸ್ಸಿಗೆ ತಂದುಕೊಟ್ಟವರು ಯಾರೆಂದು ಅಪ್ಪಾಸಾಬಣ್ಣನನ್ನು ಕೇಳಿದೆ. ಅವರು ಬಸ್ಸಿನ ಗಾಜು ಒರೆಸುತ್ತಲೇ "ಅದನ್ನ ನನಗ ಕೇಳಬ್ಯಾಡ ತಂಗಿ" ಎಂದರು.

ಜಗಳ ತೆಗೆಯಲು ಬರೆಯುತ್ತಿಲ್ಲ. ಜಗಳವಾಡಿದರೆ ಹೊಳ್ಳಿ ಬರುತ್ತೀರಿ ಎಂಬ ಆಸೆಯಾದರೂ ಇರಬೇಕಲ್ಲ. ಸಂಕ್ರಾಂತಿಗೆ ಬಂದಾಗ ಕನ್ನಡಕ ಇಲ್ಲೇ ಮರೆತು ಹೋದಿರಿ. ಅದಿಲ್ಲದೆ ನಿಮಗೆ ಒಂದಕ್ಷರವೂ ಕಾಣುವುದಿಲ್ಲ ಎಂದು ಗೊತ್ತಿದ್ದೂ ಕಳಿಸಲಿಲ್ಲ. ಅದಕ್ಕಾಗಿಯಾದರೂ ಬರುತ್ತೀರಿ ಎಂದು ಗಡಿಯಾರದ ಪಕ್ಕ ಇಟ್ಟುಕೊಂಡು ದಿನಾ ಧೂಳು ಒರೆಸುತ್ತಿದ್ದೆ. ನನಗೆ ಬಹಳ ನೋವಾಗಿದೆ. ಇಷ್ಟು ಹೇಳಲು ಹಣ್ಣು, ಒರಳು ಎಂದು ಎಷ್ಟು ಸುತ್ತಿದೆ ನೋಡಿ.

ಅತ್ತೆಗೆ ಏನೂ ಹೇಳಿಲ್ಲ. ಹೋಳಿ ಹುಣ್ಣಿಮೆಗೆ ಮಗ ಬರುತ್ತಾನೆಂದು ಹೋಳಿಗೆಗೆ ಕಡಲೆಬೇಳೆ ಹಸನು ಮಾಡಿಟ್ಟಿದ್ದಾರೆ. ಅವರಿಗೆ ನೀವೇ ಹೇಳಿ, ನನ್ನ ಬಾಯಿಂದ ಆಗುವುದಿಲ್ಲ.

ಇಂತಿ,
ಸುವರ್ಣಾ

ತಾ.ಕ.: ತಂಗಿ, ಅವರ ಕನ್ನಡಕ ಇನ್ನೂ ನನ್ನ ಬಳಿಯೇ ಇತ್ತು, ಹಾಗಾಗಿ ಇದನ್ನು ಅವರಿಗೆ ಓದಿ ಹೇಳುತ್ತಿರುವವಳು ನೀನೇ ಇರಬೇಕು. ನಿನ್ನ ಬೆಲ್ಲ ಚೆನ್ನಾಗಿತ್ತು. ಅತ್ತೆ ತಿಂದು ಉಳಿದದ್ದನ್ನು ಈ ಚಟ್ನಿಗೇ ಹಾಕಿದ್ದೇನೆ. ಕನ್ನಡಕ ಚೀಲದ ತಳದಲ್ಲಿದೆ, ಬಟ್ಟೆಯಲ್ಲಿ ಸುತ್ತಿದ್ದೇನೆ, ಒಡೆಯದಂತೆ ತೆಗೆ. ಡಬ್ಬಿ ವಾಪಸು ಕಳಿಸಬೇಡ. ಅಲ್ಲೇ ಇರಲಿ.