ನೀರಿನ ಹಿಂದೆ ಬೊಗಳಿದ ನಾಯಿ

ಹಾರ್ಡಿ ಬೋರ್ ಶಾಲೆ,
ಮಂಗಳವಾರ, ಸೆಪ್ಟೆಂಬರ್ 10

ಪ್ರೀತಿಯ ಡೆಸ್ಮಂಡ್ ಮಾವಾ,

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಆಲಿಸ್ ಪಟ್ಟಣದ ಆ ಡಯಾಲಿಸಿಸ್ ಮೆಷಿನ್ ನಿನ್ನ ರಕ್ತವನ್ನು ತೊಳೆದೂ ತೊಳೆದೂ ಬಣ್ಣ ಬಿಡಿಸಿದೆಯೋ, ಇಲ್ಲ ಇನ್ನೂ ನಮ್ಮವನ ಹಾಗೇ ಕಾಣುತ್ತೀಯೋ? ಕೇಳಲು ಕಾರಣವಿದೆ. ನಿನ್ನ ನರ್ಸಮ್ಮ ನಮ್ಮ ಕ್ಲಿನಿಕ್ಕಿಗೆ ಫೋನ್ ಮಾಡಿದ್ದಳು. ಹೋದ ವಾರ ನೀನು ಮೆಷಿನ್ನಿನ ಕಡೆ ಸುಳಿದೇ ಇಲ್ಲವಂತೆ. ಕುರ್ಚಿಗಾಗಿ ಜನ ಹೊಡೆದಾಡುವ ಕಾಲದಲ್ಲಿ ಕೊಟ್ಟ ಕುರ್ಚಿಯನ್ನು ಖಾಲಿ ಬಿಟ್ಟು ಹೋದ ಮಹಾತ್ಮ ನೀನೊಬ್ಬನೇ. ಫೋನಿನಲ್ಲಿ ಬೈಯೋಣವೆಂದರೆ, "ಇಲ್ಲಿ ಸಿಗ್ನಲ್ ಇಲ್ಲ ಕಣೇ" ಅಂತ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಹೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನಾಳೆ ನೆವಿಲ್ ಲಾರಿ ಬಿಡಿಭಾಗಕ್ಕೆಂದು ಆಲಿಸ್‌ಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನೂ ಒಂದು ಕಾಂಗರೂ ಬಾಲವನ್ನೂ ಕಳಿಸುತ್ತಿದ್ದೇನೆ. ಬಾಲಕ್ಕೆ ಉಪ್ಪು ಸೋಕಿಸಬೇಡ, ನರ್ಸಮ್ಮನಿಗೆ ಮೂಗು ಚುರುಕು.

ಊರಿನ ಹೆಸರಿನಲ್ಲೇ ಬೋರ್ ಇದ್ದರೂ ಊರು ಇನ್ನೂ ಬೋರ್ ಹೊಡೆಸಿಲ್ಲ. ಅಮ್ಮ ತೀರಿಕೊಂಡ ಹಳದಿ ಮನೆಯನ್ನು ನಮ್ಮ ಪದ್ಧತಿಯಂತೆ ನಾವೆಲ್ಲ ಬಿಟ್ಟೆವು. ಎಲೆ ಹೊಗೆ ಹಾಕಿ, ಅಂಗಳ ಗುಡಿಸಿ, ಬಾಗಿಲು ಮುಚ್ಚಿದ್ದೇವೆ. ಈಗ ನಾನೂ ನನ್ನ ಮಗಳೂ ಮೊಮ್ಮಗಳು ಟಾಲಿಯಾಳೂ ನೀರಿನ ಟ್ಯಾಂಕಿನ ಹತ್ತಿರದ ಮನೆಯಲ್ಲಿದ್ದೇವೆ. ಅಂಗಡಿ ನೋಡಿಕೊಳ್ಳುವ ಬಿಳಿ ಮೇಡಂಗೂ ಅಮ್ಮನದೇ ಹೆಸರು ಅಲ್ಲವಾ, ಪಾಪ, ಮೊದಲ ದಿನ ಯಾರೂ ಅವಳನ್ನು ಹೆಸರು ಹಿಡಿದು ಕರೆಯದಿದ್ದಾಗ ಬ್ರೆಡ್ಡಿನ ಬೆಲೆ ಏರಿಸಿದ್ದಕ್ಕೆ ಮುನಿಸಿಕೊಂಡಿದ್ದೇವೆಂದು ಹೆದರಿದ್ದಳು. ಸತ್ತವರ ಹೆಸರನ್ನು ನಾವು ಬಾಯಲ್ಲಿ ತರುವುದಿಲ್ಲವೆಂದು ತಿಳಿದ ಮೇಲೆ ತಾನೇ ಎದೆಯ ಮೇಲಿನ ಹೆಸರಿನ ಬಿಲ್ಲೆಗೆ ಟೇಪು ಅಂಟಿಸಿಕೊಂಡಳು. ಈಗ ಎಲ್ಲರ ಬಾಯಲ್ಲೂ ಅವಳು "ಹೆಸರಿಲ್ಲದಮ್ಮ". ಬ್ರೆಡ್ಡಿನ ಬೆಲೆ ಮಾತ್ರ ಇಳಿಸಲಿಲ್ಲ.

ಇನ್ನು ಶಾಲೆಯ ಸುದ್ದಿ. ಮಾವಾ, ನಿನಗೆ ದಿನಾ ಹಿಡಿ ತುಂಬ ಟ್ಯಾಬ್ಲೆಟ್, ನನಗೆ ಬೀರು ತುಂಬ ಟ್ಯಾಬ್ಲೆಟ್. ನೀನು ನುಂಗುತ್ತಿಲ್ಲ, ನಾನು ಹೊರಗೆ ತೆಗೆಯುತ್ತಿಲ್ಲ. ಅಮ್ಮನನ್ನು ಹೂಳುವ ದಿನ ನೀನು ಕುಳಿಯ ಪಕ್ಕ ನಿಂತು, "ಅಕ್ಕನ ಧ್ವನಿ ಇರೋ ಪೆಟ್ಟಿಗೆ ಒಂದೂ ಉಳೀಬಾರದು. ಹೊದಿಕೆ ಹೋದ ಹಾಗೆ ಅವೂ ಹೋಗ್ಲಿ" ಅಂದೆ. ಅವಳ ಹೊದಿಕೆ ನಮ್ಮದು, ಬೆಂಕಿಗೆ ಕೊಟ್ಟೆವು. ಈ ಟ್ಯಾಬ್ಲೆಟ್ ಪೆಟ್ಟಿಗೆಗಳು ಸರಕಾರದವು. ಹಾಗಾಗಿ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿ ನನ್ನ ಕೊರಳಲ್ಲಿದೆ. ಚಾರ್ಜಿಗೆ ಹಾಕಿಲ್ಲ, ಒಳಗೇ ಒಂದೊಂದಾಗಿ ಆರಿಹೋಗಿರಬೇಕು. ಬೀರುವಿನ ಪಕ್ಕದಲ್ಲೇ ನಿಂತು ದಿನಾ ಹಾಜರಿ ಕೂಗುತ್ತೇನೆ. ಅಮ್ಮ ಒಳಗಿದ್ದಾಳೆ, ನಾನು ಹೊರಗಿದ್ದೇನೆ, ನಡುವೆ ಒಂದು ತಗಡು.

ಸೋಮವಾರ ಇಲಾಖೆಯ ಲಾರಿ ಬರುತ್ತದೆ. ಎಲ್ಲ ಟ್ಯಾಬ್ಲೆಟ್‌ಗಳನ್ನೂ ಒಯ್ದು, ಒಳಗಿರುವುದನ್ನೆಲ್ಲ ಅಳಿಸಿ, ಹೊಸ ಪಾಠ ತುಂಬಿ ಕಳಿಸುತ್ತಾರಂತೆ. ಕುಟುಂಬದವರು ಬೇಕೆಂದರೆ ಅಳಿಸುವ ಮೊದಲು ಅಮ್ಮನ ಮಾತುಗಳನ್ನು ಬೇರೆ ತೆಗೆದು, ಯಾರೂ ಕೇಳದ ಹಾಗೆ ಮುಚ್ಚಿಡುತ್ತಾರೆ. ನಾವು ತೆರೆಯಿರಿ ಎನ್ನುವ ತನಕ ಅದು ಮುಚ್ಚೇ ಇರುತ್ತದೆ. ಬೇಡವೆಂದರೆ ಸೋಮವಾರ ಸಂಜೆಗೆ ಎಲ್ಲ ಮುಗಿಯಿತು. ಕುಟುಂಬ ಅಂದರೆ ಇಲ್ಲಿ ನೀನು, ಅಕ್ಕನ ವಿಷಯದಲ್ಲಿ ಮಾತಾಡುವ ಹಕ್ಕಿರುವುದು ನಿನಗೊಬ್ಬನಿಗೇ. ನೀನು ಹೋಗಲಿ ಅಂದರೆ ನಾನೇ ಎತ್ತಿ ಲಾರಿಗೆ ಹಾಕುತ್ತೇನೆ, ನಿನ್ನ ಮಾತು ಮೀರುವುದಿಲ್ಲ. ಆದರೆ ಹೇಳುವ ಮೊದಲು ಹೋದ ಗುರುವಾರ ನಡೆದದ್ದನ್ನು ಕೇಳು.

ಅಮ್ಮ ನಮ್ಮ ಭಾಷೆಯ ಪಾಠಕ್ಕೆಂದು ಆ ಮಾತುಗಳನ್ನು ಮುದ್ರಿಸಿದ್ದು ಎಲ್ಲಿ ಅಂತ ಗೊತ್ತಲ್ಲ, ಶಾಲೆಯ ಪೊರಕೆ ಕೋಣೆಯಲ್ಲಿ. ಸದ್ದು ಬರದಿರಲೆಂದು ಗೋಡೆಗೆಲ್ಲ ಹಾಸಿಗೆ ಆನಿಸಿದ್ದರು. ನಮ್ಮ ನಾಯಿ ಡೀಸೆಲ್‌ನನ್ನು ತಡೆಯಲು ಹಾಸಿಗೆ ಸಾಲದು ಅಂತ ಪಟ್ಟಣದಿಂದ ಬಂದವರಿಗೆ ಏನು ಗೊತ್ತು. ಅಮ್ಮ "ನೀರು" ಅನ್ನುವುದಕ್ಕೂ ನಾಯಿ ಹೊರಗೆ ಬೊಗಳುವುದಕ್ಕೂ ಸರಿಹೋಯಿತು. ಮತ್ತೊಮ್ಮೆ ಹೇಳಿ ಅಂದದ್ದಕ್ಕೆ, "ಒಮ್ಮೆ ಹೇಳಿದ್ದು ಕೇಳದ ಮಕ್ಕಳು ಎರಡನೇ ಸಲ ಕೇಳ್ತಾವಾ" ಅಂತ ಎದ್ದುಬಿಟ್ಟಳು. ನಮ್ಮ ಒಂದನೇ ತರಗತಿ ಪೂರ್ತಿ ನೀರಿನ ಕೊನೆಗೊಂದು ಬೊಗಳು ಸೇರಿಸಿಯೇ ಕಲಿಯಿತು. ತಪ್ಪು ಚಿತ್ರ ಒತ್ತಿದರೆ ಪೆಟ್ಟಿಗೆಯೊಳಗಿಂದ ಅಮ್ಮ, "ಕಿವಿ ಎಲ್ಲಿ ಬಿಟ್ಟು ಬಂದ್ಯೋ, ಹೋಗಿ ತಗೊಂಬಾ" ಅನ್ನುತ್ತಿದ್ದಳು. ಅದನ್ನು ಕೇಳಲೆಂದೇ ಮಕ್ಕಳು ತಪ್ಪು ಒತ್ತುತ್ತಿದ್ದವು. ಈಗ ನಮ್ಮ ಭಾಷೆಯ ತಾಸಿಗೆ ಪೆಟ್ಟಿಗೆಯಿಲ್ಲ. ಮೆಲ್ಬರ್ನಿನ ಟೆಗನ್ ಟೀಚರ್ ಒಳ್ಳೆಯ ಹುಡುಗಿ, ಪಾಪ, ಕಂಪ್ಯೂಟರೇ ಹೇಳುವ ಧ್ವನಿಯೊಂದನ್ನು ತರಿಸಿದಳು. ಮಕ್ಕಳು ಕೇಳಿ, "ಫ್ರೀಜರಿನೊಳಗೆ ಕೂತು ಮಾತಾಡ್ತಿದೆ" ಅಂದವು. ಅದೂ ಅಲ್ಲಿಗೆ ನಿಂತಿತು.

ಗುರುವಾರ ಟೀಚರ್ ಹಲಗೆಯ ಮೇಲೆ ಸುಮ್ಮನೆ ಒಂದು ನೀರಿನ ಗುಂಡಿ ಬರೆದಳು. ಹೊರಗೆ ಜಗಲಿಯಲ್ಲಿ ಮಿರ್ನಾ ಅತ್ತೆಯೂ ಇನ್ನಿಬ್ಬರು ಅಜ್ಜಿಯರೂ ಇಸ್ಪೀಟು ಆಡುತ್ತಿದ್ದರು. ಟಾಲಿಯಾ ಯಾರೂ ಕೇಳದೆ ಎದ್ದು ನಿಂತಳು. ಕಾಲು ಚಾಚಿ ನೆಲಕ್ಕೆ ಕೂತಳು, ಥೇಟ್ ಅಮ್ಮ ಕೂರುವ ಹಾಗೆ, ಬಲ ಮಂಡಿ ಒತ್ತಿಕೊಂಡು. ಮುತ್ತಜ್ಜಿಯ ತೊಡೆಯ ಮೇಲೆ ಕೂತು ನೀರಿನ ಗುಂಡಿಯ ಕಥೆಯನ್ನು ಪೆಟ್ಟಿಗೆಯಲ್ಲಿ ಅದೆಷ್ಟು ಸಲ ಕೇಳಿದ್ದಳೋ. ಅಕ್ಕ ತಮ್ಮ ನಡೆದು ಬಂದದ್ದು, ತಮ್ಮ ಬಾಯಾರಿ ಮರದ ಬುಡದಲ್ಲಿ ಕುಸಿದದ್ದು, "ಇಲ್ಲೇ ಇರು, ನೀರು ನೋಡ್ಕೊಂಡು ಬರ್ತೀನಿ" ಅಂತ ಅಕ್ಕ ಹೊರಟದ್ದು. ಎಲ್ಲವನ್ನೂ ಹೇಳಿದಳು, ಒಂದು ಪದ ಬಿಡಲಿಲ್ಲ. ನಡುವೆ ಅಮ್ಮ ಕೆಮ್ಮಿದ ಕಡೆ ಕೆಮ್ಮಿದಳು. ನೀರು ಬಂದಲ್ಲೆಲ್ಲ ಬೊಗಳಿದಳು. ನಗುವ ಮಕ್ಕಳೂ ನಗಲಿಲ್ಲ.

ಹೊರಗೆ ಇಸ್ಪೀಟಿನ ಸದ್ದು ನಿಂತಿತ್ತು. ಸತ್ತವರ ಧ್ವನಿ ಕೇಳಿಸಬಾರದಲ್ಲ. ಈಗ ಅಜ್ಜಿಯರು ಕೂಗಿ ಅಳುತ್ತಾರೆ, ತರಗತಿ ಮುಚ್ಚಬೇಕು, ಮಗುವಿಗೆ ಬೈಗುಳ, ಎಲ್ಲ ಕಣ್ಣ ಮುಂದೆ ಬಂತು. ಮಿರ್ನಾ ಅತ್ತೆ ಬಾಗಿಲಿಗೆ ಬಂದಳು. ಬಾಯಿಗೆ ಅಡ್ಡ ಕೈ ಇಟ್ಟು ಟಾಲಿಯಾಳನ್ನೇ ನೋಡಿದಳು. ಆಮೇಲೆ, "ಬಾಯಿ ಮಗೀದು. ಸತ್ತವಳದಲ್ಲ. ಕೇಳಬಹುದು" ಅಂದಳು. ಒಳಗೆ ಬಂದು ಮಕ್ಕಳ ನಡುವೆಯೇ ಕೂತು, "ಇನ್ನೊಂದ್ಸಲ ಹೇಳೇ, ಆ ನಾಯಿಗೂ ಇಲಾಖೆಯಿಂದ ಸಂಬಳ ಕೊಡಿಸೋಣ" ಅಂದಳು. ಆಗ ನಾನು ಅತ್ತುಬಿಟ್ಟೆ, ಮಾವಾ. ಹೂಳುವ ದಿನವೂ ಅಷ್ಟು ಅತ್ತಿರಲಿಲ್ಲ.

ಹಾಗಾಗಿ ಪೆಟ್ಟಿಗೆ ತೆರೆಯಲು ನಾನು ಕೇಳುತ್ತಿಲ್ಲ. ಅಮ್ಮ ಮಲಗಿರಲಿ. ಮುಚ್ಚಿಡಲಾ, ಅಳಿಸಲಾ, ಅಷ್ಟೇ ಕೇಳುತ್ತಿದ್ದೇನೆ. ಟಾಲಿಯಾಳಿಗೆ ಬಂದದ್ದು ಒಂದೇ ಕಥೆ, ಉಳಿದವು ಬೀರುವಿನಲ್ಲಿವೆ. ಆ ಮಗು ನನ್ನ ವಯಸ್ಸಿಗೆ ಬಂದಾಗ ಯಾರನ್ನಾದರೂ ಕೇಳಬೇಕೆನಿಸಿದರೆ ಬೀಗ ಹಾಕಿದ ಬಾಗಿಲಾದರೂ ಇರಲಿ ಅಂತ ನನ್ನ ಆಸೆ. ನಿರ್ಧಾರ ನಿನ್ನದು.

ಮಿರ್ನಾ ಅತ್ತೆ ನಿನ್ನನ್ನು ಕೇಳಿದಳು, ಅಂದರೆ ಬೈದಳು. ಟೆಗನ್ ಟೀಚರ್ ನಮಸ್ಕಾರ ತಿಳಿಸಿದ್ದಾಳೆ. ನಮ್ಮ ಹಿರಿಯರೆಲ್ಲ ನಿನ್ನ ಕುರ್ಚಿಯ ಸುತ್ತ ಕೂತು ನಿನ್ನನ್ನು ಕಾಯಲಿ, ಏಳದ ಹಾಗೆಯೂ ಕಾಯಲಿ.

ನಿನ್ನ ಅಕ್ಕನ ಮಗಳು,
ರೋಸ್ಲಿನ್

ಮರೆತ ವಿಷಯ: ಬೆಳಗಾಯಿತು, ನೆವಿಲ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಕಥೆ ಅರ್ಧಕ್ಕೇ ನಿಲ್ಲುತ್ತದೆ ಮಾವಾ. ಅಕ್ಕ ನೀರು ಹುಡುಕಿ ಹೋದ ಮೇಲೆ ಅಮ್ಮ ಪೆಟ್ಟಿಗೆಯಲ್ಲಿ ಹೇಳಿದ್ದನ್ನು ಟಾಲಿಯಾ ಹಾಗೇ ಹೇಳಿದಳು: "ಮುಂದಿನದು ನನ್ನದಲ್ಲ, ನನ್ನ ತಮ್ಮನದು. ಮರದ ಬುಡದಲ್ಲಿ ಕೂತಿದ್ದವನು ಅವನು ತಾನೇ. ಹೋಗಿ ಅವನನ್ನೇ ಕೇಳಿ, ಹೇಳದೆ ಸಾಯಬೇಡ ಅಂತ ನಾನು ಹೇಳಿದೆ ಅನ್ನಿ." ಶನಿವಾರ ಫುಟ್‌ಬಾಲ್ ಬಸ್ಸಿನಲ್ಲಿ ಟಾಲಿಯಾ ಬರುತ್ತಾಳೆ. ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಮುಂದೇನಾಯಿತು ಅಂತ ನಿನ್ನನ್ನು ಕೇಳುತ್ತಾಳೆ. ನೀನು ಕುರ್ಚಿಯಲ್ಲಿರು. ನೀರು ಅಂದಾಗ ಅವಳು ಬೊಗಳುತ್ತಾಳೆ, ತಿದ್ದಬೇಡ.