ಆಡಿಟರ್ ಸಿಕ್ಕರು ಕಣೇ

ನನ್ನ ಐವತ್ತು ಪರ್ಸೆಂಟಿಗೆ,

ಬೇರೆ ಗಂಡಂದಿರು ಹೆಂಡತಿಯನ್ನು ಅರ್ಧಾಂಗಿ ಎನ್ನುವುದು ಅಲಂಕಾರಕ್ಕೆ. ನಮ್ಮ ವಿಷಯದಲ್ಲಿ ಅದು ಅಂಗಡಿಯ ಪಾಲುದಾರಿಕೆ ಪತ್ರದಲ್ಲಿ ಟೈಪು ಮಾಡಿಸಿ, ಸಹಿ ಹಾಕಿ, ಸೀಲು ಒತ್ತಿಸಿದ ಸಂಗತಿ. ನೀನಿದ್ದಾಗ ನಿನಗೊಂದು ಪತ್ರ ಬರೆದವನಲ್ಲ ನಾನು. ಬರೆಯುವಷ್ಟು ದೂರ ನೀನು ಹೋದದ್ದೇ ಇಲ್ಲ. ಕೌಂಟರಿನ ಆ ತುದಿಗೆ ನೀನು, ಈ ತುದಿಗೆ ನಾನು, ನಡುವೆ ಊರವರ ಕೊಳೆ ಬಟ್ಟೆ. ಡ್ರೈಕ್ಲೀನಿಂಗ್ ಅಂಗಡಿಯ ದಾಂಪತ್ಯ ಎಂದರೆ ಅಷ್ಟೇ ತಾನೆ.

ವಿಷಯಕ್ಕೆ ಬರುತ್ತೇನೆ. ಆಡಿಟರ್ ಸಿಕ್ಕರು.

ನೀನು ಹೋದಮೇಲೆ ತೆರಿಗೆ ಕಚೇರಿಯಿಂದ ಕಾಗದ ಬಂತು, ವರ್ಷದ ಲೆಕ್ಕ ಒಪ್ಪಿಸಿ ಎಂದು. ಅದನ್ನು ಹಿಡಿದುಕೊಂಡು ಅಭ್ಯಾಸಬಲದಿಂದ ನಿನ್ನ ತುದಿಗೆ ಹೋಗಿ ನಿಂತೆ. ಅಲ್ಲಿ ಇಸ್ತ್ರಿ ಮಾಡಿದ ಪ್ಯಾಂಟುಗಳು ನೇತಾಡುತ್ತಿದ್ದವು. ಪ್ಯಾಂಟುಗಳಿಗೆ ಕಾಲಿದೆ, ತಲೆಯಿಲ್ಲ. ನನ್ನ ಸ್ಥಿತಿಯೂ ಅದೇ. ಒಂದೇ ಕಾಲೇಜಿನಲ್ಲಿ ಓದಿದರೂ ನೀನು ಕಾಮರ್ಸು, ನಾನು ಸಾಹಿತ್ಯ. ನೀನು ದುಡ್ಡು ಎಣಿಸುವುದನ್ನು ಕಲಿತೆ, ನಾನು ಪದ್ಯದ ಮಾತ್ರೆ ಎಣಿಸುವುದನ್ನು. ಕೊನೆಗಾಲದಲ್ಲಿ ನನ್ನ ವಿದ್ಯೆಯೇ ಉಪಯೋಗಕ್ಕೆ ಬಂತು. ಬೆಳಿಗ್ಗೆ ಬಿಳಿಯದು, ಊಟದ ಮೇಲೆ ಹಳದಿಯದು, ಮಲಗುವಾಗ ಅರ್ಧ. ಎಣಿಸಿ ಎಣಿಸಿ ಕೊಟ್ಟೆ. ಒಂದೂ ತಪ್ಪಲಿಲ್ಲ. ಆದರೂ ಛಂದಸ್ಸು ಕೂಡಿಬರಲಿಲ್ಲ.

ಲೆಕ್ಕವೆಲ್ಲ ನಿನ್ನದೇ ಕಾರುಬಾರಾಗಿತ್ತು. ಸೋಪಿನ ನೀರಿಗೂ, ಹ್ಯಾಂಗರಿಗೂ, ಪಿನ್ನಿಗೂ ಪುಸ್ತಕದಲ್ಲಿ ಒಂದೊಂದು ಜಾಗ. ನಾನು ಗಲ್ಲಾಪೆಟ್ಟಿಗೆಯಿಂದ ಚಿಲ್ಲರೆ ಎಗರಿಸಿ ಮೂಲೆಯ ಬೇಕರಿಯಲ್ಲಿ ಬಿಸ್ಕತ್ತು ತಿಂದು, ಮೀಸೆ ಒರೆಸಿಕೊಂಡು ಬರುತ್ತಿದ್ದೆ. ನೀನು ಏನೂ ಕೇಳದೆ ಆ ಚಿಲ್ಲರೆಯನ್ನು ‘ಇಲಿ’ ಎಂಬ ತಲೆಬರಹದ ಕೆಳಗೆ ಬರೆದುಬಿಡುತ್ತಿದ್ದೆ. ನಾನು ಇಣುಕಿದರೆ, “ಅಂಗಡೀಲಿ ಇಲಿ ಜಾಸ್ತಿ ಆಗಿದೆ ರೀ, ದಪ್ಪ ಇಲಿ” ಎನ್ನುವೆ. ಊರಿನಲ್ಲಿ ಯಾವ ಆಡಿಟರ್ ಹೀಗೆ ಲೆಕ್ಕ ಬರೆದಾನು?

ನಿನ್ನ ತಮ್ಮ ಓಡಿಬಂದ. “ಭಾವಾ, ತಲೆ ಕೆಡಿಸ್ಕೋಬೇಡಿ. ನಮಗೆ ಗೊತ್ತಿರೋರೊಬ್ಬರಿದ್ದಾರೆ, ಕಪ್ಪನ್ನ ಬಿಳಿ ಮಾಡಿಕೊಡ್ತಾರೆ.” “ಅದು ನಮ್ಮ ಕಸುಬು ಕಣಯ್ಯಾ, ಅವರ್ಯಾಕೆ ಪೈಪೋಟಿಗೆ ಬರ್ತಾರೆ?” ಎಂದೆ. ಅವನು ನಗಲಿಲ್ಲ. ನಿಮ್ಮ ಮನೆಯಲ್ಲಿ ನನ್ನ ಜೋಕಿಗೆ ನಗುತ್ತಿದ್ದವಳು ನೀನೊಬ್ಬಳೇ, ಅದೂ ಬೆನ್ನು ತಿರುಗಿಸಿಕೊಂಡು.

ಆದರೂ ಅವನು ಹೇಳಿದವರ ಕಚೇರಿಗೇ ಹೋದೆ. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಕುಂಡದಲ್ಲಿ ಪ್ಲಾಸ್ಟಿಕ್ ಗಿಡ. ಅದಕ್ಕೂ ಯಾರೋ ನೀರು ಹಾಕಿದ್ದರು. ಆಡಿಟರ್ ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿದರು. ಹೊರಮೈ ನೋಡಿದರೆ ಕನ್ನಡಿಯಂಥ ಬಟ್ಟೆ. ಗಿರಾಕಿಯ ಗುಣ ತಿಳಿಯಬೇಕಾದರೆ ಕೋಟಿನ ಒಳಗಿನ ಅಸ್ತರಿ ನೋಡಬೇಕು ಎಂದು ನೀನು ಹೇಳಿಕೊಟ್ಟಿದ್ದೆಯಲ್ಲ, ನೋಡಿದೆ. ಹರಿದ ಅಸ್ತರಿಗೆ ಸ್ಟೇಪ್ಲರ್ ಪಿನ್ನು ಹೊಡೆದಿದ್ದರು. ನೋಡಿಯೂ ನೋಡದವನ ಹಾಗಿದ್ದೆ. ಯಾಕೆಂದರೆ ಅಷ್ಟು ಹೊತ್ತಿಗೆ ಅವರು ನನಗೆ ಬೇಕಾದ ಮಾತನ್ನು ಆಡಿಯಾಗಿತ್ತು.

“ಮೇಡಮ್ಮೋರು ಹೋಗಿದ್ದನ್ನ ಯಾಕೆ ಹೇಳೋಕೆ ಹೋಗ್ತೀರಿ ಸಾರ್? ಕಾಗದದ ಮೇಲೆ ಇರಲಿ ಬಿಡಿ. ಅವರ ಪಾಲಿನ ಸಂಬಳ ಖರ್ಚು ಅಂತ ತೋರಿಸ್ತಾ ಇದ್ರೆ ಲಾಭ ಇಳಿಯುತ್ತೆ, ತೆರಿಗೆ ಇಳಿಯುತ್ತೆ. ಯಾರಿಗೇನು ನಷ್ಟ?”

ಇರಲಿ ಬಿಡಿ! ಡಾಕ್ಟರು ಹೇಳಲಾಗದ ಮಾತನ್ನು ಆಡಿಟರ್ ಹೇಳಿದ್ದರು. ತೆರಿಗೆಯ ಮಾತು ನನ್ನ ಕಿವಿಗೇ ಬೀಳಲಿಲ್ಲ ಕಣೇ. ವರ್ಷ ವರ್ಷವೂ ನಿನಗೆ ಸಂಬಳ ಬರುತ್ತದೆ, ಪಾಲು ಬರುತ್ತದೆ, ಅಂಗಡಿ ಇಬ್ಬರದಾಗಿಯೇ ಉಳಿಯುತ್ತದೆ ಎಂಬುದಷ್ಟೇ ಕೇಳಿಸಿತು. ಅವರು ಕೊಟ್ಟ ಕಾಗದಗಳನ್ನು ಎದೆಗವಚಿಕೊಂಡು ಬಂದೆ. ಅಂದು ಎಷ್ಟೋ ತಿಂಗಳ ಮೇಲೆ ಬಾಗಿಲ ಬೀಗ ತೆಗೆಯುವಾಗ ಸಿಳ್ಳೆ ಹಾಕಿದೆ. ಒಳಗೆ ಯಾರೂ ಬೈಯಲಿಲ್ಲ.

ಕಾಗದಗಳಲ್ಲಿ ಎರಡು ಸಹಿಗೆ ಜಾಗವಿತ್ತು. ಎರಡನೆಯದು ನಿನ್ನದು. ಫೋನು ಮಾಡಿ ಕೇಳಿದರೆ, “ನೀವೇ ಹಾಕಿಬಿಡಿ ಸಾರ್, ಗಂಡ ತಾನೆ” ಎಂದರು. ಮರುದಿನ ಅಂಗಡಿಯಲ್ಲಿ, ಬಟ್ಟೆಗೆ ಕಟ್ಟುವ ಚೀಟಿಗಳ ಹಿಂದೆ ಅಭ್ಯಾಸ ಮಾಡಿದೆ. ಮೊದಲಿನವು ಕಾಗೆ ಕಾಲು, ಗುಬ್ಬಿ ಕಾಲು. ಆಮೇಲೆ ಒಂದು ಬಂತು ನೋಡು, ಕೊನೆಯ ಅಕ್ಷರದ ಬಾಲವನ್ನು ನೀನು ಸೀರೆಯ ಸೆರಗಿನ ಹಾಗೆ ಸುತ್ತಿ ಸಿಕ್ಕಿಸುತ್ತಿದ್ದೆಯಲ್ಲ, ಥೇಟು ಹಾಗೇ. ನೀನೇ ಬಂದು, ಸಹಿ ಮಾಡಿ, ಹಿಂದುಗಡೆ ಇಸ್ತ್ರಿ ನೋಡಲು ಹೋಗಿದ್ದೀಯೇನೋ ಎನ್ನಿಸಿತು. ತಿರುಗಿ ನೋಡಿದೆ ಕೂಡ. ಹಬೆ ಯಂತ್ರ ಒಂದು ಸಲ ಬುಸ್ಸೆಂದು ಸುಮ್ಮನಾಯಿತು.

ಅದೇ ಹೊತ್ತಿಗೆ ಒಬ್ಬರು ಮೇಷ್ಟರು ಬಿಳಿ ಕೋಟು ತಂದು ಹರಡಿದರು. ಮಗಳ ಮದುವೆಗೆ ಬೇಕಂತೆ. ಎದೆಯ ಮೇಲೆ ಇಂಕು ಅಂಗೈಯಗಲ ಹಬ್ಬಿ, ಹಳೆಯದಾಗಿ ಕೂತಿದೆ. “ಹೋಗುತ್ತಲ್ಲಾ ಸಾರ್?” ಎಂದರು. ಮುಖದಲ್ಲಿ ಎಂಥ ಆಸೆ! ಹೂಂ ಎಂದಿದ್ದರೆ ಮನೆಗೆ ಹೋಗುವಾಗ ಅವರೂ ಸಿಳ್ಳೆ ಹಾಕುತ್ತಿದ್ದರು. ಆದರೆ ನನ್ನ ಬಾಯಿಂದ ನಿನ್ನ ಮಾತು ಹೊರಟಿತು, ನಿನ್ನದೇ ರಾಗದಲ್ಲಿ: “ಈ ಕಲೆ ಹೋಗಲ್ಲ. ಹೋಗುತ್ತೆ ಅಂತ ದುಡ್ಡು ತಗೊಳ್ಳೋ ಅಂಗಡಿ ಎದುರಿಗಿದೆ.”

ಮೇಷ್ಟರು ಕೋಟನ್ನೂ ನನ್ನನ್ನೂ ನೋಡಿದರು. “ಅಲ್ಲಿಂದಾನೇ ಬಂದೆ. ನೀವು ಹೋಗಲ್ಲ ಅಂದ್ರಲ್ಲ, ಅದಕ್ಕೇ ನಿಮ್ಮಲ್ಲೇ ಬಿಟ್ಟು ಹೋಗ್ತೀನಿ. ಉಳಿದ ಕೋಟನ್ನಾದ್ರೂ ಶುಚಿ ಮಾಡಿಕೊಡಿ. ಕಲೆ ಮೇಲೆ ಒಂದು ಶಾಲು ಹೊದ್ಕೋತೀನಿ.”

ಅವರು ಹೋದಮೇಲೆ ಚೀಟಿಗಳನ್ನೆಲ್ಲ ಹರಿದು ಹಾಕಿದೆ. ಆ ಒಂದನ್ನು ಹರಿಯಲು ಸ್ವಲ್ಪ ತಡವಾಯಿತು.

ಮತ್ತೆ ಹುಡುಕಾಟ. ಒಂದು ಕಡೆ ಆಡಿಟರ್ ದರ್ಶನವೇ ಇಲ್ಲ. ಮುಂದೆ ಕೂತ ಹುಡುಗಿ, “ಗೋಲ್ಡ್ ಪ್ಯಾಕೇಜಾ ಸಾರ್, ಸಿಲ್ವರಾ?” ಎಂದಳು. ಒಡವೆ ಅಂಗಡಿಗೆ ನುಗ್ಗಿದೆನೇನೋ ಎಂದು ಬೋರ್ಡು ನೋಡಿ ಹೊರಬಿದ್ದೆ. ಕೊನೆಗೆ ಪಕ್ಕದ ದರ್ಜಿಯಮ್ಮ ಹೇಳಿದಳು: “ಬೇಕರಿ ಮಹಡಿ ಮೇಲೆ ಒಬ್ರು ಮೇಡಮ್ಮು ಇದ್ದಾರಣ್ಣ. ಬೈತಾರೆ. ಆದ್ರೆ ಬೈದಿದ್ದಕ್ಕೆ ಬೇರೆ ಫೀಸು ಹಾಕಲ್ಲ.”

ಅವರು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಹುಡುಕುತ್ತಿದ್ದರು. ಕಾಗದ ಹಾರದಿರಲೆಂದು ಫ್ಯಾನು ಆರಿಸಿ, ನಿನ್ನ ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ಕೆಳಗಿನಿಂದ ಬಿಸ್ಕತ್ತು ಬೇಯುವ ವಾಸನೆ ಬರುತ್ತಿತ್ತು. ಫೀಸು ಎಷ್ಟೆಂದು ಮೊದಲೇ ಹೇಳಿದರು, ನಾನು ಕೊಟ್ಟ ಕಾಗದಕ್ಕೆಲ್ಲ ರಸೀತಿ ಬರೆದರು. ಅಸ್ತರಿ ನೋಡೋಣವೆಂದರೆ ಅವರು ಕೋಟನ್ನೇ ಹಾಕಿರಲಿಲ್ಲ.

“ಯಾರು ಬರೆದಿದ್ದು ಇದು? ನನಗೆ ಬೈಯೋಕೆ ಒಂದು ತಪ್ಪೂ ಉಳಿಸಿಲ್ವಲ್ಲ” ಎಂದರು. ಹೇಳಿದೆ. ಕನ್ನಡಕ ಕೆಳಗಿಳಿಸಿ, “ಯಾವತ್ತು ಹೋಗಿದ್ದು?” ಎಂದು ತಾರೀಕು ಕೇಳಿದರು. ನಾನು ಗಾಜಿನ ಬಾಗಿಲಿನವರ ಉಪಾಯ ಒಪ್ಪಿಸಿದೆ. “ಇರಲಿ ಬಿಟ್ರೆ ಏನಾಗುತ್ತೆ ಮೇಡಂ?”

“ನನ್ನ ಕೈಲಿ ಆಗಲ್ಲ ಸಾರ್. ಆಗುತ್ತೆ ಅನ್ನೋರ ಹತ್ರಾನೇ ಹೋಗಿ ಬಂದಿದ್ದೀರಿ.” ಆಮೇಲೆ ದನಿ ತಗ್ಗಿಸಿದರು. “ಇದ್ದಿದ್ದು ಇಬ್ಬರು. ಒಬ್ಬರು ಹೋದ್ರೆ ಪಾಲುದಾರಿಕೆ ಮುಗೀತು. ಇನ್ನು ಅದು ಒಬ್ಬರದೇ ಅಂಗಡಿ.”

ಇಷ್ಟು ತಿಂಗಳಲ್ಲಿ ಎಷ್ಟೊಂದು ಜನ ಬಂದು ಸಮಾಧಾನ ಹೇಳಿದರು. ದೇವರಿಗೆ ಪ್ರಿಯವಾದಳು ಎಂದರು, ಮುತ್ತೈದೆಯಾಗಿ ಹೋದಳು ಎಂದರು. ನೀನು ಹೋದೆ ಎಂದು ನನಗೆ ನೇರವಾಗಿ ಹೇಳಿದವರು ಇವರೊಬ್ಬರೇ. ಸಿಟ್ಟು ಬಂತು. ಕಾಗದಗಳನ್ನೆಲ್ಲ ಬಾಚಿಕೊಂಡು ಎದ್ದೂಬಿಟ್ಟೆ. ಅವರು ತಡೆಯಲಿಲ್ಲ. ಬಾಗಿಲ ಹತ್ತಿರ ನಿಂತು, “ಹಾಗಾದ್ರೆ ಅವಳದು ಏನೂ ಉಳಿಯಲ್ವಾ?” ಎಂದು ಕೇಳಿದೆ.

“ಆ ತಾರೀಕಿನವರೆಗಿನ ಲೆಕ್ಕ ಅವರದೇ. ಅದನ್ನ ಯಾರೂ ಅಳಿಸೋ ಹಾಗಿಲ್ಲ. ನಾನೂ ಅಳಿಸಲ್ಲ, ನೀವೂ ಅಳಿಸೋ ಹಾಗಿಲ್ಲ.”

ಮರಳಿ ಬಂದು ಕೂತೆ. ಆಡಿಟರ್ ಸಿಕ್ಕಿದ್ದು ಹಾಗೆ. ಆಗದು ಎಂಬ ಮಾತನ್ನು ಆಗದು ಎಂದೇ ಹೇಳುವವರು ಇನ್ನೊಬ್ಬರು ಊರಿನಲ್ಲಿದ್ದಾರೆ ಎಂದು ಗೊತ್ತಾದ ಮೇಲೆ ಎಲ್ಲಿಗೆ ಹೋಗಲಿ? ಹೊಸ ಕಾಗದಗಳಿಗೆ ಒಂದೇ ಸಹಿ ಹಾಕಿದೆ. ಪಕ್ಕದ ಖಾಲಿ ಜಾಗಕ್ಕೆ ಅವರು ಅಡಿಕೋಲು ಇಟ್ಟು ಮೆಲ್ಲಗೆ ಒಂದು ಗೆರೆ ಎಳೆದರು.

ಎದ್ದು ಹೊರಡುವಾಗ ಕರೆದರು. “ಸಾರ್, ಒಂದು ನಿಮಿಷ. ವಾರ ವಾರ ‘ಇಲಿ’ ಅಂತ ಬರೆದಿದ್ದಾರಲ್ಲ, ಏನಿದು?”

“ನಾನೇ ಮೇಡಂ.”

ಅವರು ನಕ್ಕರು ಕಣೇ, ಬೆನ್ನು ತಿರುಗಿಸದೆ. “ಮತ್ತೆ ಇದನ್ನ ಅಂಗಡಿ ಖರ್ಚಿಗೆ ಸೇರಿಸಿಲ್ವಲ್ಲ. ಅಷ್ಟನ್ನೂ ನಿಮ್ಮ ಪಾಲಿನಿಂದಲೇ ಕಳೀತಾ ಬಂದಿದ್ದಾರೆ.”

ಅಂದರೆ ಇಷ್ಟೂ ವರ್ಷ ನಾನು ನನ್ನದೇ ದುಡ್ಡು ಕದ್ದು, ನಿನ್ನ ಕಣ್ಣು ತಪ್ಪಿಸಿ ತಿಂದೆನೇ? ಎಂಥ ಜಾಣೆಯೇ ನೀನು!

“ನೀವು ಬರೆದಿರೋ ಈಚಿನ ಪುಟದಲ್ಲಿ ಇಲಿ ಇಲ್ಲ. ಈ ತಲೆಬರಹ ತೆಗೆದುಬಿಡ್ಲಾ?” ಎಂದರು. ನೀನು ಹೋದ ಮೇಲೆ ನಾನು ಬಿಸ್ಕತ್ತು ತಿಂದಿರಲಿಲ್ಲ. ಒಬ್ಬನೇ ಮಾಲೀಕನಾದವನು ಕದಿಯುವುದಾದರೂ ಯಾರಿಂದ? “ಇರಲಿ ಬಿಡಿ ಮೇಡಂ” ಎಂದೆ. ಈ ಇರಲಿ ಬಿಡಿಗೆ ಅವರು ಬೈಯಲಿಲ್ಲ.

ಇವತ್ತು ಗಿರಾಕಿಗಳಿಲ್ಲದ ಹೊತ್ತು ನೋಡಿ, ಗಲ್ಲಾಪೆಟ್ಟಿಗೆಯನ್ನು ಸದ್ದಾಗದಂತೆ ತೆರೆದೆ. ನಿನ್ನ ತುದಿಯ ಕಡೆ ಒಮ್ಮೆ ಕಳ್ಳನೋಟ ಬೀರಿ ಚಿಲ್ಲರೆ ಜೇಬಿಗಿಳಿಸಿದೆ. ಬಿಸ್ಕತ್ತು ತಿಂದು, ಮೀಸೆ ಒರೆಸಿಕೊಂಡು ಬಂದು, ಪುಸ್ತಕ ತೆಗೆದು, ನಿನ್ನ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ ನಾನೇ ಬರೆದುಕೊಂಡೆ. ನನ್ನ ಪಾಲಿನಿಂದ ಕಳೆದೂ ಕಳೆದೆ. ಲೆಕ್ಕ ಸರಿಹೋಯಿತು. ಬಿಸ್ಕತ್ತು ಮಾತ್ರ ಸಪ್ಪೆ.

ನೀನಿರುವಲ್ಲಿ ಯಾರೂ ನಿನ್ನ ಮುಂದೆ ಕೊಳೆ ಬಟ್ಟೆ ತಂದು ಸುರಿಯದಿರಲಿ. ನಿಂತೂ ನಿಂತೂ ಊದುತ್ತಿದ್ದ ಆ ಕಾಲುಗಳಿಗೆ ಕೂರಲು ಒಂದು ಒಳ್ಳೆಯ ಕುರ್ಚಿ ಸಿಗಲಿ. ಹೋಗಿ ಬಾ ಎನ್ನಲು ಬಾಯಿ ಬರುವುದಿಲ್ಲ. ಬಾ ಎಂದರೆ ನೀನೇ ತಿದ್ದುತ್ತೀಯ. ಆರಾಮಾಗಿರು.

ಇಂತು, ಕಳ್ಳತನ ಬಿಡದ,
ನಿನ್ನ ದಪ್ಪ ಇಲಿ