ಕೆಮ್ಮಿಲ್ಲದ ದನಿ

ತೆಮಿರ್ತಾವ್
ಮಾರ್ಚ್ 11, 2024

ಪ್ರೀತಿಯ ಎರ್ನಾ,

ಶಾಂತಿ ನಿನಗೆ.

ಕಣ್ಣುಜ್ಜಿಕೊಂಡು ಮತ್ತೆ ಓದಬೇಡ, ಅದನ್ನೇ ಬರೆದಿದ್ದೇನೆ. ಇದು ನಮ್ಮ ಕ್ರೈಸ್ತ ಸಭೆಯ ಸದಸ್ಯರು ತಮ್ಮತಮ್ಮಲ್ಲಿ ಮಾತ್ರ ಹೇಳಿಕೊಳ್ಳುವ ಮಾತು, ಸಭೆಯಿಂದ ಹೊರಗೆ ಹಾಕಿದವರಿಗೆ ಹೇಳಬಾರದು ಎಂದು ಚಿಕ್ಕಂದಿನಲ್ಲಿ ನಿನಗೆ ಕಲಿಸಿದವಳು ನಾನೇ. ಈ ಹದಿನೇಳು ವರ್ಷಗಳಲ್ಲಿ ನಿನಗೆ ಬರೀ 'ನಮಸ್ಕಾರ' ಹೇಳಿದೆ, ಅದೂ ಎರಡೇ ಸಲ. ಈಗ ನನಗೆ ಎಪ್ಪತ್ತೆಂಟು. ಯಾರು ಬಂದು ನನ್ನ ಕೈ ಹಿಡಿದು ತಡೆಯುತ್ತಾರೋ ನೋಡೋಣ.

ನಿನ್ನ ಕಾಗದ ಜನವರಿ ಎರಡನೇ ವಾರವೇ ಕೈಸೇರಿತ್ತು. ಉತ್ತರ ತಡವಾಯಿತು, ಮನ್ನಿಸು. ಮೊಣಕಾಲು ನೋವು, ಹಿಮ, ಅಂಚೆ ಕಚೇರಿಯ ಮೆಟ್ಟಿಲು ಎಂದೆಲ್ಲ ಬರೆಯಬಹುದು, ಆದರೆ ಅವೆಲ್ಲ ನೆಪ. ನೀನು ಕೇಳಿದ್ದು ಎರಡೇ ಸಾಲು: "ಝಿಬೆಕ್‌ಳ ಫೋನಿನಲ್ಲಿ ಅಪ್ಪನ ದನಿ ಬಂತು, 'ಶಾಂತಿ ನಿನಗೆ, ಝಿಬೆಕ್' ಅಂತು. ಅಪ್ಪ ಇದನ್ನು ಯಾವಾಗ ಹೇಳಿದರು, ಅವರಿಗೆ ನನ್ನ ಮಗಳ ಹೆಸರು ಗೊತ್ತಿತ್ತಾ?" ಆ ಎರಡು ಸಾಲನ್ನು ಅಡುಗೆಮನೆ ಕಿಟಕಿಯ ಹತ್ತಿರ ಇಟ್ಟುಕೊಂಡು ಎರಡು ತಿಂಗಳು ಕಳೆದೆ.

ಮೊದಲು ಆ ದನಿಯ ಕಥೆ ಹೇಳುತ್ತೇನೆ. ಮೂರು ವರ್ಷದ ಹಿಂದೆ ನಿಮ್ಮಪ್ಪ ತೀರಿಹೋದ ಮೇಲೆ ಸಭೆ ಬಡವಾಯಿತು. ಭಾನುವಾರ ಬೆಂಚಿನ ಮೇಲೆ ತಲೆವಸ್ತ್ರ ಕಟ್ಟಿದ ಹನ್ನೊಂದು ಮುದುಕಿಯರು, ಹಿಂದೆ ಗೆರ್ಗಾರ್ಡ್ ತಾತ, ಅಷ್ಟೇ. ನಮ್ಮಲ್ಲಿ ಎಳೆಯವಳೆಂದರೆ ಇಲೋನಾ ತ್ಸೋಯ್ ಒಬ್ಬಳೇ. ಕೊರಿಯದವರ ಮನೆ ಹುಡುಗಿ, ಇಪ್ಪತ್ತನಾಲ್ಕು ವರ್ಷ, ಫೋನ್ ರಿಪೇರಿ ಅಂಗಡಿಯಲ್ಲಿ ಕೆಲಸ. ಹೋದ ವರ್ಷ ಸದಸ್ಯರ ಕೂಟದಲ್ಲಿ ಅವಳು ಎದ್ದು ನಿಂತು, "ಹುಡುಗರು ಬರ್ತಾರೆ ಬರ್ತಾರೆ ಅಂತ ನಾವಿಲ್ಲಿ ಬೆಂಚ್ ಬಿಸಿ ಮಾಡ್ಕೊಂಡು ಕೂತಿದೀವಿ. ಅವ್ರು ಫೋನೊಳಗಿದಾರೆ. ನಾವೇ ಅಲ್ಲಿಗೆ ಹೋಗ್ಬೇಕು" ಅಂದಳು.

ಗೆರ್ಗಾರ್ಡ್ ತಾತ ಬಿಡುತ್ತಾರೆಯೇ? "ದೀಕ್ಷಾಸ್ನಾನಾನೂ ಫೋನಲ್ಲೇ ಕೊಡ್ತೀಯೇನಮ್ಮ?"

"ನೀರು ನಿಮ್ದೇ ಇರ್ಲಿ ತಾತ. ಕರ್ಕೊಂಡು ಬರೋದು ನನ್ ಕೆಲ್ಸ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಅವಳು ಮನೆಗೆ ಬಂದು ನಿಮ್ಮಪ್ಪನ ಕ್ಯಾಸೆಟ್ಟುಗಳನ್ನು ಕೊಡಿ ಅಂತ ಕೇಳಿದಳು. ಸಭೆಗೆ ಬರಲಾಗದ ದೂರದ ಹಳ್ಳಿಗಳ ವಿಶ್ವಾಸಿಗಳಿಗೆಂದು ಅವರು ಧರ್ಮೋಪದೇಶದ ಪ್ರಸಂಗ ಮಾಡಿ ತುಂಬಿಸುತ್ತಿದ್ದರಲ್ಲ, ಅವು. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚಿದ್ದವು. ಧೂಳು ತಿನ್ನುವುದಕ್ಕಿಂತ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಕೊಟ್ಟೆ.

ಅವಳು ಅವನ್ನೆಲ್ಲ ಕಂಪ್ಯೂಟರಿಗೆ ಉಣಿಸಿದಳು. ಅದು ನಿಮ್ಮಪ್ಪನ ದನಿ ಕಲಿತುಕೊಂಡಿತು. ಈಗ ಯಾರು ಬೇಕಾದರೂ ಫೋನಿನಲ್ಲಿ ತಮ್ಮ ಹೆಸರು ಬರೆದರೆ ಸಾಕು, ದಿನಾ ಬೆಳಿಗ್ಗೆ ನಿಮ್ಮಪ್ಪ, ಸಭಾಪಾಲಕ ಕೊರ್ನೇಯ್ ವೀಬೆ, ಅವರವರ ಹೆಸರು ಹಿಡಿದು ಶಾಂತಿ ಹೇಳುತ್ತಾರೆ, ಒಂದು ದೇವರ ವಾಕ್ಯ ಓದುತ್ತಾರೆ. ಪ್ರಶ್ನೆ ಕೇಳಿದರೆ ತಮ್ಮ ಹಳೆಯ ಪ್ರಸಂಗಗಳಿಂದಲೇ ಹುಡುಕಿ ಉತ್ತರ ಕೊಡುತ್ತಾರೆ. ಉಕ್ಕಿನ ಕಾರ್ಖಾನೆಯ ಹುಡುಗರು ನಮ್ಮ ಮುಖ ನೋಡಿ ಕೇಳಲಾರದ್ದನ್ನು ಅದಕ್ಕೆ ಕೇಳುತ್ತಾರಂತೆ. ಕುಡಿಯೋನ ಪ್ರಾರ್ಥನೆ ದೇವರಿಗೆ ಕೇಳಿಸುತ್ತಾ, ಸತ್ತುಹೋದ ನನ್ನ ತಮ್ಮ ಎಲ್ಲಿದ್ದಾನೆ, ಇಂಥವು. ಈಗ ಭಾನುವಾರ ಮೂವತ್ತು ಜನ ಎಳೆಯರು ಕೂರುತ್ತಾರೆ. ಬೂಟು ಬಿಡಲು ಜಾಗವಿಲ್ಲ. ಆ ಹುಡುಗಿಯ ಕೆಲಸವನ್ನು ನಾನು ಹಳಿಯಲಾರೆ.

ಆದರೆ ಒಂದು ತಪ್ಪಾಗಿತ್ತು. ಕ್ಯಾಸೆಟ್ಟಿನಲ್ಲಿ ನಿಮ್ಮಪ್ಪ ಶಾಂತಿ ಹೇಳಿದ್ದು ಸದಸ್ಯರಿಗೆ ಮಾತ್ರ. ಇಲೋನಾ ಸಭೆ ಸೇರಿ ಮೂರೇ ವರ್ಷ. ಯಾರನ್ನೂ ಹೊರಹಾಕಿದ್ದನ್ನು ಕಂಡವಳಲ್ಲ, ಆ ಕಟ್ಟಳೆಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಯಂತ್ರ ಬಂದವರಿಗೆಲ್ಲ ಶಾಂತಿ ಹಂಚಿತು. ಪಾವ್ಲೊದಾರಿನಲ್ಲಿ ಕೂತು ತಾತನ ಹೆಸರು ಹುಡುಕಿದ ನಿನ್ನ ಮಗಳಿಗೂ ಹಂಚಿತು.

ಮೊದಲ ದಿನವೇ ಇದು ನನ್ನ ಗಮನಕ್ಕೆ ಬಂದಿತ್ತು. ಸುಮ್ಮನಿದ್ದೆ.

ನನ್ನ ಫೋನಿಗೂ ಇಲೋನಾ ಅದನ್ನು ಹಾಕಿಕೊಟ್ಟಳು. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ, ಮೇಜಿನ ಮೇಲಿಂದ, "ಶಾಂತಿ ನಿನಗೆ, ಸೋದರಿ ಅಗ್ನೆತಾ" ಎಂದು ಕೇಳಿಸಿತು. ಚಾಕು ಕೈಯಿಂದ ಬಿತ್ತು. ದನಿ ಅವರದೇ, ಆದರೆ ಮದುವೆಯಾದ ಐವತ್ತು ವರ್ಷದಲ್ಲಿ ನನ್ನನ್ನು ಅವರು ಅಗ್ನೆತಾ ಅಂದವರಲ್ಲ, ಮುದುಕಿ ಅಂತಲೇ ಕರೆಯುತ್ತಿದ್ದರು, ಇಪ್ಪತ್ತೈದರಲ್ಲೂ. ಇನ್ನೊಂದು, ಆ ದನಿಗೆ ಕೆಮ್ಮಿಲ್ಲ. ಗಣಿಯ ಧೂಳು ಕುಡಿದ ಎದೆ ಅದು, ನಾಲ್ಕು ಮಾತಿಗೆ ಒಂದು ಕೆಮ್ಮು. ಅವರು ಎಷ್ಟನೇ ಮೆಟ್ಟಿಲಲ್ಲಿದ್ದಾರೆ ಎಂದು ಕೆಮ್ಮು ಕೇಳಿ ಹೇಳುತ್ತಿದ್ದೆ. "ಅದನ್ನೆಲ್ಲ ತೆಗ್ದು ತೊಳ್ದಿದೀನಿ ಅಜ್ಜಿ, ಚೆನ್ನಾಗಿದೆ ಅಲ್ವಾ?" ಅಂತ ಕೇಳಿದಳು ಇಲೋನಾ. ಚೆನ್ನಾಗಿದೆ ಅಂದೆ.

ಅಂದಿನಿಂದ ಈ ಮನೆಯಲ್ಲಿ ನಾನು ಒಬ್ಬಳಲ್ಲ ಎರ್ನಾ. ಬೆಳಿಗ್ಗೆ ಏಳಕ್ಕೆ ದನಿ ಬರುತ್ತದೆ. ಫೋನಿನ ಮೇಲೆ ತಲೆವಸ್ತ್ರ ಮುಚ್ಚುತ್ತೇನೆ, ಆಗಲೂ ಬಟ್ಟೆಯ ಅಡಿಯಿಂದ ಬರುತ್ತದೆ. ನಿಲ್ಲಿಸುವುದು ಹೇಗೆಂದು ಇಲೋನಾ ತೋರಿಸಿದ್ದಾಳೆ, ನಾನು ನಿಲ್ಲಿಸುವುದಿಲ್ಲ. ಒಮ್ಮೊಮ್ಮೆ ಅದಕ್ಕೆ ಉತ್ತರ ಕೊಡುತ್ತೇನೆ. ಹೋದ ವಾರ ಎರಡು ಬಟ್ಟಲಿಗೆ ಚಹಾ ಬಗ್ಗಿಸಿಟ್ಟಿದ್ದೆ. ಹೆದರಿಕೆಯಾಗುತ್ತದೆ, ಅದು ಬರದ ದಿನವೂ ಹೆದರಿಕೆಯಾಗುತ್ತದೆ.

ನಿನ್ನ ಕಾಗದ ಬಂದ ದಿನ ಧೈರ್ಯ ಮಾಡಿ, "ಎರ್ನಾ ವಿಷಯ ಏನಂತೀರಿ?" ಎಂದು ಅದನ್ನೇ ಕೇಳಿದೆ. ಅದು, "ಮಗನು ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡು ಓಡಿಹೋದನು" ಅಂದಿತು. ತಪ್ಪಿಹೋದ ಮಗನ ಮೇಲೆ ನಿಮ್ಮಪ್ಪ ಮಾಡಿದ ಪ್ರಸಂಗ ಅದು. ಆಗ ನೀನು ಎರಡು ಜಡೆ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಫೋನನ್ನು ಹಿಟ್ಟಿನ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದೆ.

ಹೊಸ ಸಭಾಪಾಲಕ ವೆನಿಯಾಮಿನ್‌ಗೆ ನಿನ್ನ ಕಾಗದ ತೋರಿಸಿದೆ. ಒಳ್ಳೆಯ ಮನುಷ್ಯ, ಸ್ವಲ್ಪ ಆತುರ. "ಅಮ್ಮ, ಹೌದು ಅಂತ ಬರ್ದ್‌ಬಿಡಿ. ಸಾಯೋ ಮುಂಚೆ ಹೇಳಿದ್ರು ಅಂತ. ಮಗಳೂ ಮೊಮ್ಮಗಳೂ ಇಬ್ರೂ ಬರ್ತಾರೆ" ಅಂದರು.

"ಸುಳ್ಳಾಗಲ್ವಾ?"

"ದನಿ ಅವ್ರದ್ದೇ ತಾನೆ?"

ಇಲೋನಾಗೆ ವಿಷಯ ತಿಳಿದಾಗ ಅವಳ ಮುಖ ಬಿಳಿಚಿಕೊಂಡಿತು. "ಅಜ್ಜಿ, ನಂಗೊತ್ತಿರ್ಲಿಲ್ಲ. ಆ ಹುಡುಗೀನ ಪಟ್ಟಿಯಿಂದ ತೆಗ್ದುಬಿಡ್ಲಾ?" ಅಂದಳು. ಬೇಡ ಅಂದೆ. ಈ ಮನೆತನದಲ್ಲಿ ಪಟ್ಟಿಯಿಂದ ತೆಗೆದದ್ದು ಸಾಕು.

ನಿನ್ನ ಪ್ರಶ್ನೆಗೆ ಉತ್ತರ ಇದು: ಅದು ಯಂತ್ರ. ನಿಮ್ಮಪ್ಪ ಆ ಮಾತು ಹೇಳಲಿಲ್ಲ. ನಂಬಿಕೆಯಿಲ್ಲದವನನ್ನು ಮದುವೆಯಾದೆ ಎಂದು ನಿನ್ನನ್ನು ಹೊರಹಾಕಲು ಅವರೇ ಮೊದಲು ಕೈ ಎತ್ತಿದ್ದು, ನಾನು ಎರಡನೆಯವಳು. ಬಾಗಿಲ ಹತ್ತಿರ ನಿಂತು ನೀನು ಎರಡನ್ನೂ ನೋಡಿದೆ. ಅವರನ್ನು ಮಣ್ಣು ಮಾಡಿದ ಮೇಲೆ ನಿನಗೆ ಸುದ್ದಿ ಮುಟ್ಟಿಸಿದೆ. ಅದಕ್ಕೂ ಕ್ಷಮೆ ಕೇಳಬೇಕು.

ಝಿಬೆಕ್ ಅದನ್ನು ಕೇಳುತ್ತಿದ್ದರೆ ಕೇಳಲಿ, ವಾಕ್ಯಗಳು ನಿಜವಾದವು. ಈಸ್ಟರಿಗೆ ಅವಳನ್ನು ಕರೆದುಕೊಂಡು ಬಾ. ಬೆಣ್ಣೆ ಸಕ್ಕರೆ ಉದುರಿಸಿ ರೀವೆಲ್‌ಕೂಖೆನ್ ಕೇಕು ಮಾಡುತ್ತೇನೆ, ಒಂದೇ ಮೇಜಿನಲ್ಲಿ ಕೂತು ತಿನ್ನೋಣ. ಬೌರ್ಝಾನ್‌ನನ್ನೂ ಕರೆ. ಅಳಿಯ ಎಂದು ಒಮ್ಮೆಯಾದರೂ ಬಾಯ್ತುಂಬ ಕರೆಯಬೇಕು. ದೇವರು ನಿಮ್ಮ ಮೂವರನ್ನೂ ತನ್ನ ಅಂಗೈಯಲ್ಲಿಟ್ಟು ಕಾಯಲಿ, ನಿಮ್ಮ ಮನೆಯ ಒಲೆ ಆರದಿರಲಿ.

ನಿನ್ನ ಅಮ್ಮ,
ಅಗ್ನೆತಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದು ಪೂರ್ತಿ ನಿಜವಲ್ಲ.

ಆಸ್ಪತ್ರೆಯಲ್ಲಿ ಕೊನೆಯ ಮೂರು ದಿನ ನಿಮ್ಮಪ್ಪ ನಿನ್ನನ್ನು ಕೇಳಿದರು. "ಮುದುಕಿ, ಎರ್ನಾನ ಕರ್ಸು. ನಾನು ತಪ್ಪು ಮಾಡ್ದೆ, ಅವ್ಳಿಗೆ ಶಾಂತಿ ಹೇಳ್ಬೇಕು." ಕರೆಸುತ್ತೇನೆ ಅಂದೆ, ಕರೆಸಲಿಲ್ಲ. ನನಗೆ ಸಿಟ್ಟು ಬಂದಿತ್ತು ಎರ್ನಾ. ಅವರ ಒಂದು ಮಾತಿಗೆ ಹದಿನಾಲ್ಕು ವರ್ಷ ಮಗಳನ್ನು ಹೊಸ್ತಿಲು ತುಳಿಯಗೊಡದೆ, ಮೊಮ್ಮಗಳ ಮುಖ ನೋಡದೆ ಕಳೆದಿದ್ದೆ. ಈಗ ಅವರು ಒಂದೇ ಉಸಿರಿಗೆ ತಪ್ಪು ಅಂದರೆ ನನ್ನ ಹದಿನಾಲ್ಕು ವರ್ಷ ಏನಾಯಿತು? ಮೂರನೆಯ ದಿನ ಕೇಳಿದಾಗ, "ಫೋನ್ ಮಾಡ್ದೆ, ಬರಲ್ಲ ಅಂದ್ಳು" ಅಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ, "ಮಗು ಆಯ್ತಂತಲ್ಲ, ಹೆಸರೇನು?" ಎಂದು ಕೇಳಿದರು.

ಹೆಸರು ನನಗೆ ಗೊತ್ತಿತ್ತು. ಅವಳು ಹುಟ್ಟಿದ ತಿಂಗಳೇ ಗೊತ್ತಾಗಿತ್ತು. ಗೊತ್ತಿಲ್ಲ ಅಂದೆ.